ಅಶ್ವತ್ಥಬಾಬುವಿನ ಗಂಟೆ

ಗಂಟೆ ಹೊಡೆಸಬೇಕಾಗಿದ್ದ ಭಾನುವಾರವೇ ಅಶ್ವತ್ಥನಾರಾಯಣನ ಕಿವಿ ಕಟ್ಟಿಕೊಂಡಿತು. ಡಿಸೆಂಬರಿನ ನೆಗಡಿ. ಮೂಗು ಬಿಗಿಹಿಡಿದು ಗಾಳಿ ಊದಿದರೆ ಎಡಗಿವಿಯೊಳಗೆ ಏನೋ ಪಟ್ ಎಂದು ಬಿಚ್ಚಿಕೊಂಡು, ಹಂಸಾ ಅಡುಗೆಮನೆಯಲ್ಲಿ ಕಾಯಿ ತುರಿಯುವ ಸದ್ದು ಒಂದು ಗಳಿಗೆ ಹತ್ತಿರ ಬಂದು, ಮತ್ತೆ ಯಾರದೋ ಮನೆಯ ಸದ್ದಿನಂತೆ ದೂರ ಹೋಗುತ್ತಿತ್ತು. ಕನ್ನಡಿಯ ಮುಂದೆ ನಿಂತು ಮತ್ತೆ ಮತ್ತೆ ಊದಿದ. ಇವತ್ತು ಬೇರೆ ಯಾವ ಇಂದ್ರಿಯ ಕೈಕೊಟ್ಟರೂ ನಡೆದೀತು, ಕಿವಿ ಕೈಕೊಡಬಾರದು ಅನ್ನಿಸಿತು. ಆಮೇಲೆ, ಕೇಳಬೇಕಾದವರು ಉಳಿದವರು, ತಾನು ಬರೀ ಹೊಡೆಸುವವನು ಎಂದು ಸಮಾಧಾನ ಮಾಡಿಕೊಂಡ. ಆದರೆ ಸಮಾಧಾನ ಅವನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಮದುವೆಯ ದಿನ ಕೂಡ ಪುರೋಹಿತರ ಮೈಕು ಗೊರಗೊರ ಅನ್ನುವುದು ಏಕೆಂದು ಯೋಚಿಸುತ್ತ ಕೂತಿದ್ದವನು ಅವನು.

“ಯಾಕ್ರೀ ಹಾಗೆ ಕಪ್ಪೆ ಥರ ಕೆನ್ನೆ ಉಬ್ಬಿಸ್ಕೊಂಡು ನಿಂತಿದೀರಿ?” ಹಂಸಾ ಬಾಗಿಲಲ್ಲಿ ಇಣುಕಿದಳು. “ಉಪ್ಪಿಟ್ಟಿಗೆ ಇಡ್ತಾ ಇದೀನಿ, ಬೇಗ ಬನ್ನಿ.”

“ಸ್ವಲ್ಪ ಕೆಳಗೆ ಹೋಗಿ ಬರ್ತೀನಿ. ತರಕಾರಿ.”

“ನಿನ್ನೆ ತಾನೆ ಚೀಲ ತುಂಬ ತಂದ್ರಲ್ಲ?”

“ಕೊತ್ತಂಬರಿ ಸೊಪ್ಪು,” ಅಂದ. ಸುಳ್ಳು ಹೇಳಿ ರೂಢಿಯಿಲ್ಲದವರ ಸುಳ್ಳು ಕೊತ್ತಂಬರಿ ಸೊಪ್ಪಿನಷ್ಟೇ ಇರುತ್ತದೆ. ಅಷ್ಟಕ್ಕೇ ಅವನ ಮುಖ ಬಿಸಿಯಾಯಿತು.

ಗುಟ್ಟು ದೊಡ್ಡದೇನಲ್ಲ. ಟಾಲಿಗಂಜಿನ ಓಣಿಯೊಳಗಿನ ಈ ಹಳೆಯ ಕಟ್ಟಡಕ್ಕೆ ಬೆಂಕಿಯ ಅಲಾರಂ ಬೇಕೆಂದಾಗ, ಕಂಪನಿಯವರು ಬೇಡ, ನಾನೇ ಮಾಡಿಕೊಡುತ್ತೇನೆ ಎಂದಿದ್ದವನು ಅವನು. ಮಾಡಿಯೂ ಕೊಟ್ಟಿದ್ದ. ಇವತ್ತು ಅದರ ಪರೀಕ್ಷೆ. ಯಾವ ಮನೆಗೂ ಮುಂಚೆ ತಿಳಿಸದೆ ಕೆಳಗಿನ ಮೀಟರ್ ಕೋಣೆಯಲ್ಲಿ ಒಂದಿಷ್ಟು ಹೊಗೆ ಎಬ್ಬಿಸುವುದು, ಗಂಟೆ ಹೊಡೆದುಕೊಳ್ಳುತ್ತದೆ, ಗೇಟಿನಾಚೆಯ ಅಂಗಡಿಯಲ್ಲಿ ಒಂದು ಮಣ್ಣಿನ ಭಾಂಡದ ಚಹಾ ಕುಡಿದು ಮುಗಿಯುವಷ್ಟರಲ್ಲಿ ಕಟ್ಟಡದ ಜನವೆಲ್ಲ ಇಳಿದು ಬೀದಿಯಲ್ಲಿ ನಿಂತಿರಬೇಕು. ನಿಂತಿದ್ದರೆ ಅವನ ಗಂಟೆಯೇ ಕಾಯಂ. ಇಲ್ಲದಿದ್ದರೆ ಅದನ್ನು ಕಳಚಿ ಕಂಪನಿಯದನ್ನು ಕೂರಿಸುವುದು. ಸೆಕ್ರೆಟರಿ ಗುಹಬಾಬು ಹಾಕಿದ ಈ ಷರತ್ತಿಗೆ ಒಪ್ಪಿ, ಹೆಂಡತಿ ಮಗಳಿಗೂ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟು ಬಂದಿದ್ದ. ರಾತ್ರಿಯೆಲ್ಲ ನಿದ್ದೆ ಕೆಡಿಸಿದ್ದು ಆ ‘ಕಳಚು’ ಎನ್ನುವ ಮಾತು. ಮೈಸೂರಿನ ಒಂಟಿಕೊಪ್ಪಲಿನ ಮನೆಯಲ್ಲಿ, ಇನ್ನೂ ಚಡ್ಡಿ ಹಾಕುತ್ತಿದ್ದಾಗ, ಅಪ್ಪನ ರೇಡಿಯೋ ಕಳಚಿದ್ದ. ಅದು ಮತ್ತೆ ಮಾತಾಡಲಿಲ್ಲ. ಬಂದ ನೆಂಟರಿಗೆಲ್ಲ ಅಪ್ಪ, “ನಮ್ಮ ಅಶ್ವತ್ಥ ಬಿಚ್ಚೋದರಲ್ಲಿ ಎಂಜಿನಿಯರ್ರು, ಕೂಡಿಸೋದಕ್ಕೆ ಬೇರೆಯವರನ್ನ ಕರೀಬೇಕು” ಎಂದು ನಗುತ್ತಿದ್ದರು. ಅಪ್ಪನ ನಗುವಿನಲ್ಲಿ ವಿಷವಿರಲಿಲ್ಲ. ಆದರೂ ಆ ಮಾತು ಅವನ ಜೊತೆಗೇ ರೈಲು ಹತ್ತಿ ಕಲ್ಕತ್ತೆಗೆ ಬಂದಿತ್ತು. ಜಾದವ್‌ಪುರದ ಕಾಲೇಜಿನಲ್ಲಿ ಇಷ್ಟು ವರ್ಷ ಸರ್ಕ್ಯೂಟುಗಳ ಪಾಠ ಹೇಳಿದ್ದ. ಕರಿಹಲಗೆಯ ಮೇಲೆ ಅವನು ಬರೆದ ದೀಪಗಳೆಲ್ಲ ಉರಿದಿದ್ದವು, ಗಂಟೆಗಳೆಲ್ಲ ಬಾರಿಸಿದ್ದವು. ಸೀಮೆಸುಣ್ಣ ಒರೆಸಿದರೆ ಏನೂ ಉಳಿಯುತ್ತಿರಲಿಲ್ಲ.

ಮೆಟ್ಟಿಲಿಳಿಯುವಾಗ ಪ್ರತಿ ಬಾಗಿಲೂ ಅವನನ್ನು ನೋಡಿತು. ಮೂರನೆಯ ಮಹಡಿಯ ಬಾಗಿಲ ಮುಂದೆ ಒಣಹಾಕಿದ ಮಂಕಿ ಟೋಪಿ. ಎರಡನೆಯದರಲ್ಲಿ ಇಡೀ ಕಟ್ಟಡಕ್ಕೇ ಚಿಕ್ಕಮ್ಮನಾದ ಶೆಫಾಲಿ ಮಾಶಿಯ ಮನೆ; ಒಳಗೆ ಯಾರೋ ನಗುತ್ತಿದ್ದರು, ಖರ್ಜೂರದ ಹೊಸ ಬೆಲ್ಲ ಕಾಯುವ ವಾಸನೆ, ಅಥವಾ ನೆಗಡಿಯ ಮೂಗಿಗೆ ಹಾಗೆ ಅನ್ನಿಸಿದ್ದು. ಮೊದಲಾದರೆ ಈ ಬಾಗಿಲುಗಳ ಮುಂದೆ ಅವನು ಕಳ್ಳನಂತೆ ಇಳಿಯುತ್ತಿದ್ದ. ಎದುರಾದವರು ಕ್ಷೇಮ ಕೇಳಿ, “ಭಾಲೋ?” ಅನ್ನುವರು, ಇವನು “ಭಾಲೋ” ಅನ್ನುವನು, ಅಲ್ಲಿಗೆ ಮಾತು ಮುಗಿಯಿತು. ಅವನ ಹೆಸರನ್ನು ಬಾಯಿ ತುಂಬ ಉರುಟು ಮಾಡಿಕೊಂಡು ಒಶ್ಶೊತ್ಥೊಬಾಬು ಅನ್ನುತ್ತಿದ್ದರು. ನಾರಾಯಣನನ್ನು ಎಲ್ಲಿ ಬಿಟ್ಟರೋ. ಕಟ್ಟಡದ ಸಭೆಗಳಲ್ಲಿ ಹಿಂದಿನ ಕುರ್ಚಿ ಅವನದು. ಬಂಗಾಳಿಯಲ್ಲಿ ಅರ್ಧ ತಾಸು ಜಗಳವಾಡಿ, ಕೊನೆಗೆ ಯಾರೋ ಒಬ್ಬರು ತಿರುಗಿ, ಮಗುವಿಗೆ ಹೇಳುವಂತೆ ನಿಧಾನ ಹಿಂದಿಯಲ್ಲಿ ಅದರ ಸಾರ ತಿಳಿಸುವರು. ಅವನಿಗೆ ಅಷ್ಟೂ ಮೊದಲೇ ಅರ್ಥವಾಗಿರುತ್ತಿತ್ತು. ಆದರೂ ತಲೆಯಾಡಿಸಿ ಧನ್ಯವಾದ ಹೇಳುತ್ತಿದ್ದ. ಅರ್ಥವಾಗಿದೆ ಅನ್ನುವುದು ಒರಟಾದೀತು ಅನ್ನುವ ಸಂಕೋಚ. ಆವತ್ತು ಹಾಗೇ, “ವೆಂಡರ್‌ನಿಂದ ಕೊಟೇಶನ್ ತರಿಸಿದ್ದೇವೆ ದಾದಾ” ಎಂದು ಗುಹಬಾಬು ನಿಧಾನ ಹಿಂದಿಯಲ್ಲಿ ಶುರುಮಾಡಿದಾಗ, ಅವನ ನಾಲಿಗೆ ಅವನನ್ನು ಕೇಳದೆಯೇ, “ಆಮಿ ಬಾನಾಬೋ” ಅಂದಿತು. ನಾನು ಮಾಡುತ್ತೇನೆ. ಅದು ಬಂಗಾಳಿಯಲ್ಲಿ ಬಂದದ್ದೇ ಎಲ್ಲರಿಗೂ ಆಶ್ಚರ್ಯ, ಅವನಿಗೆ ಎಲ್ಲರಿಗಿಂತ ಹೆಚ್ಚು. ಆಮೇಲೆ ಶೆಫಾಲಿ ಮಾಶಿ ಚಪ್ಪಾಳೆ ತಟ್ಟಿದಳು. ಮನೆಗೆ ಬಂದು ಹೇಳಿದಾಗ ಹಂಸಾ, “ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನೋಡಿಕೊಳ್ಳಿ, ನಾಳೆ ಬೈಯೋದಕ್ಕೂ ಹಿತ್ತಲಿಗೇ ಬರ್ತಾರೆ” ಅಂದಿದ್ದಳು.

ಆಮೇಲಿನ ತಿಂಗಳುಗಳ ಸುಖವನ್ನು ಯಾರಿಗೆ ಹೇಳುವುದು. ಊಟದ ಮೇಜಿನ ಮೇಲೆ ತಂತಿ, ಸೋಫಾದ ಕೆಳಗೆ ತಂತಿ. ಬೆಸುಗೆಯ ಸೀಸ ಕರಗಿ ಬೆಳ್ಳಿಯ ಹನಿಯಾಗಿ ಕೂತುಕೊಳ್ಳುವ ಆ ಗಳಿಗೆಗೆ ಅವನು ಕಾಲೇಜಿನಿಂದ ಓಡಿ ಬರುತ್ತಿದ್ದ. ಹಂಸಾಳ ಒಗ್ಗರಣೆಯ ಹೊಗೆಗೆ ಹಿಡಿದು ಹಿಡಿದು ಡಿಟೆಕ್ಟರುಗಳನ್ನು ಹದಗೊಳಿಸಿದ. ಸಾಸಿವೆ ಸಿಡಿದಾಗ, ಒಣಮೆಣಸಿನಕಾಯಿ ಕೆಂಪಾದಾಗ ಸುಮ್ಮನಿರಬೇಕು, ಬಟ್ಟೆ ಸುಟ್ಟರೆ ಕೂಗಬೇಕು. ಕೂಗಿತು. ಎಲ್ಲ ಮನೆಗೂ ಅವನ್ನೇ ಹಾಕಿದ. ಯಾವ ಮನೆಯ ಹೊಗೆ ಎಂದು ತೋರಿಸುವ ಪ್ಯಾನೆಲ್ಲನ್ನು ತನ್ನ ಮನೆಯ ಹಜಾರದಲ್ಲೇ, ಚಪ್ಪಲಿ ಗೂಡಿನ ಮೇಲೆ ಇಟ್ಟುಕೊಂಡ; ನೋಡಿಕೊಳ್ಳುವವನು ತಾನೇ ಅಲ್ಲವೆ ಎಂಬ ನೆವ, ನಿಜವಾಗಿ ಅದರ ಹಸಿರು ದೀಪವನ್ನು ಬಿಟ್ಟಿರಲಾರದ ಮೋಹ. ಮರುದಿನ ಬೆಳಿಗ್ಗೆ ಕಟ್ಟಡದ ಅಷ್ಟೂ ಅಡುಗೆಮನೆಗಳಲ್ಲಿ ಬಾಣಲೆಗೆ ಸಾಸಿವೆಯೆಣ್ಣೆ ಬಿತ್ತು. ಆ ಎಣ್ಣೆಯನ್ನು ಬಂಗಾಳಿಗಳು ಹೊಗೆಯೇಳುವ ತನಕ ಕಾಯಿಸದೆ ಅದರಲ್ಲಿ ಏನನ್ನೂ ಹಾಕುವುದಿಲ್ಲ ಎನ್ನುವುದು, ಇಷ್ಟು ವರ್ಷ ಆ ಹೊಗೆಯಲ್ಲೇ ಬದುಕಿದ್ದ ಅವನ ತಲೆಗೆ ಹೊಳೆದಿರಲೇ ಇಲ್ಲ. ತಾನು ಕಟ್ಟಿದ್ದು ಟಾಲಿಗಂಜಿನ ಕಟ್ಟಡಕ್ಕಲ್ಲ, ಒಂಟಿಕೊಪ್ಪಲಿನ ಅಡುಗೆಮನೆಗೆ! ಗಂಟೆ ಕಟ್ಟಡ ಅಲುಗುವಂತೆ ಹೊಡೆದುಕೊಂಡಿತು. ಆ ಸದ್ದನ್ನು ಅದುವರೆಗೆ ಕೇಳಿರದ ಜನ ಅದು ಏನು, ಯಾರದು ಎಂದು ತಿಳಿಯದೆ ಬಿದ್ದಂಬೀಳ ಓಡಿದರು. ಗುಹಬಾಬು ಅರ್ಧ ಕೆನ್ನೆಯ ಸೋಪಿನ ನೊರೆಯೊಂದಿಗೆ, ಶೆಫಾಲಿ ಮಾಶಿ ದೇವರಗೂಡಿನ ಗೋಪಾಲನನ್ನು ಎದೆಗೊತ್ತಿಕೊಂಡು. ಬೀದಿಯಲ್ಲಿ ನಿಂತ ಅಷ್ಟೂ ಜನರ ನಡುವೆ ತನ್ನ ತಪ್ಪು ಗೊತ್ತಿದ್ದವನು ಅವನೊಬ್ಬನೇ. ಭೂಮಿ ಬಾಯಿಬಿಡಬಾರದೆ ಅನ್ನಿಸಿತ್ತು. ಸಂಜೆ ಮನೆಮನೆಯಲ್ಲೂ ತೆಂಗಿನ ನಾರಿನ ಕೆಂಡಕ್ಕೆ ಧೂಪ ಹಾಕಿ ಧೂನೋ ಎತ್ತುವ ಹೊತ್ತಿಗೆ ಗಂಟೆ ಮತ್ತೆ ಕೂಗಿತು.

ಮಾಶಿಗೆ ಎದೆ ಡವಗುಟ್ಟಿತೆಂದು ಗಂಟೆಯ ದನಿಯನ್ನು ಇಳಿಸಿದ. ಇನ್ನೂ ಸ್ವಲ್ಪ ಇಳಿಸಿ ಇಂಪು ಮಾಡಿದ. ಮೀಟರು ಹಿಡಿದುಕೊಂಡು ಮನೆ ಮನೆಗೆ ಹೋದ. “ಈಗ ಎಣ್ಣೆ ಕಾಯಿಸಿ. ಈಗ ಮೀನು ಬಿಡಿ.” ಹುಟ್ಟಿದಾರಭ್ಯ ಮೀನು ಮುಟ್ಟದವನು ಮೊದಲ ಮನೆಯಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ನಿಂತ. ಎರಡನೆಯ ಮನೆಯಲ್ಲಿ ಅದು ಜೇಬಿಗೆ ಹೋಯಿತು. ಮೂರನೆಯದರಲ್ಲಿ ಸ್ಟೂಲಿನ ಮೇಲೆ ಕೂತು, ಅವನಿಗೆಂದೇ ಬೇರೆ ಬಾಣಲೆಯಲ್ಲಿ ಕರಿದ ಬದನೆಕಾಯಿ ತಿನ್ನುತ್ತ ಅಂಕಿಗಳನ್ನು ಓದಿದ. ಯಾರ ಮನೆಯ ಎಣ್ಣೆ ಎಷ್ಟು ಕಾಯುತ್ತದೆ, ಯಾರು ಧೂನೋ ಹಿಡಿದು ಮಂಚದ ಕೆಳಗೂ ಬಗ್ಗುತ್ತಾರೆ, ಯಾರ ಗಂಡ ಹೆಂಡತಿಗೆ ತಿಳಿಯದಂತೆ ಬಚ್ಚಲಲ್ಲಿ ಬೀಡಿ ಸೇದುತ್ತಾನೆ, ಎಲ್ಲ ಅವನಿಗೆ ಗೊತ್ತಾಯಿತು. ಆ ಗಂಡ ಅವನ ಕೈಹಿಡಿದು ಬೇಡಿಕೊಂಡಿದ್ದ. ಇವನು ಬಚ್ಚಲಿನ ಡಿಟೆಕ್ಟರನ್ನು ಒಂದು ಮೊಳ ಆಚೆ ಸರಿಸಿ ಸುಮ್ಮನಾಗಿದ್ದ. ಆ ದಿನಗಳಲ್ಲಿ ಗಂಟೆ ತಪ್ಪಾಗಿ ಹೊಡೆದಾಗಲೆಲ್ಲ ಜನ ಅವನನ್ನು ಕರೆದರು, ತಮಾಷೆ ಮಾಡಿದರು. ಕೊನೆಗೆ ಅದು ನಿಂತಿತು. ದುರ್ಗಾಪೂಜೆ ದಾಟಿತು, ಕಾಳೀಪೂಜೆ ದಾಟಿತು, ಅಷ್ಟು ಧೂಪ ಅಷ್ಟು ಪಟಾಕಿಗೂ ಗಂಟೆ ಸುಮ್ಮನಿತ್ತು. ಎಲ್ಲಿಯೂ ಬರೆದು ಪ್ರಕಟಿಸಲಾಗದ ಹೆಮ್ಮೆ ಅವನಿಗೆ. ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುವ ಗಾದೆ ಮಾಡಿದವನು ಈ ಊರಿನ ಅಡುಗೆಮನೆ ಕಂಡಿರಲಿಲ್ಲ, ಅಶ್ವತ್ಥನಾರಾಯಣ ಕಂಡಿದ್ದ.

ಮೀಟರ್ ಕೋಣೆಯಲ್ಲಿ ಗುಹಬಾಬು ಶಾಲು ಹೊದ್ದು ಕಾಯುತ್ತಿದ್ದರು. ಜೊತೆಗೆ ಕಂಪನಿಯ ಪರಿಮಲ್. ನಲವತ್ತರ ಆಸುಪಾಸಿನ, ಕೈಹೆಣಿಗೆಯ ಸ್ವೆಟರಿನ, ಮಿತಭಾಷಿ. ಅವನು ಸ್ವಲ್ಪ ಅಹಂಕಾರಿಯಾಗಿದ್ದರೆ ಚೆನ್ನಾಗಿತ್ತು ಎಂದು ಅಶ್ವತ್ಥನಾರಾಯಣನಿಗೆ ಅನ್ನಿಸಿತು. ಪರಿಮಲ್ ಡಿಟೆಕ್ಟರನ್ನು ತಲೆಯೆತ್ತಿ ನೋಡಿ, “ಬೆಸುಗೆ ಬಹಳ ಅಚ್ಚುಕಟ್ಟು ಸರ್” ಅಂದ. ಆಮೇಲೆ ಹಿಂಜರಿಯುತ್ತ, “ಪ್ಯಾನೆಲ್ ಮಾತ್ರ ಗೇಟಿನ ಹತ್ತಿರ ಇದ್ದಿದ್ದರೆ…” ಅಂದ. “ನೋಡಿಕೊಳ್ಳುವವರು ಮೇಲಿದ್ದಾರೆ” ಎಂದು ಇವನು ಚುರುಕಾಗಿ ಉತ್ತರಿಸಿದ. ತಗಡಿನ ಡಬ್ಬಿಯಲ್ಲಿ ಹಳೆಯ ಗೋಣಿಯ ಚೂರಿಗೆ ಕಡ್ಡಿ ಗೀರಿದ. ಹೊಗೆ ಎದ್ದಿತು, ತಡವರಿಸಿತು, ಮೇಲೇರಿತು. ಗಂಟೆ ಹೊಡೆಯಿತು. ಆಹಾ, ಹೊಡೆಯಿತು! ಅವನ ಮೈ ಜುಂ ಅಂದಿತು. ಗೋಣಿಯನ್ನು ನೀರಿಗದ್ದಿ, ಮೂವರೂ ಗೇಟು ದಾಟಿ ಚಹಾ ಹಿಡಿದು ನಿಂತರು.

ಬೀದಿಯಲ್ಲಿ ಬಿಸಿಲು ಎಳೆಯದಾಗಿತ್ತು. ಒಬ್ಬ ತಲೆಯ ಮೇಲೆ ಹೂಕೋಸಿನ ಬುಟ್ಟಿ ಹೊತ್ತು ಹೋದ. ಗಂಟೆ ದೂರದಿಂದ ಕೇಳುತ್ತಿತ್ತು, ಅಥವಾ ಕಿವಿಯೊಳಗಿನ ನೆಗಡಿಯೇ ಗುಂಯ್‌ಗುಡುತ್ತಿತ್ತು. ಬಾಗಿಲಲ್ಲಿ ಯಾರೂ ಕಾಣಲಿಲ್ಲ. ಈಗ ಬರುತ್ತಾರೆ. ಮಾಶಿಗೆ ಮಂಡಿನೋವು, ಮೆಟ್ಟಿಲಿಗೆ ಹೊತ್ತಾಗುತ್ತದೆ. ಚಹಾದ ಮೊದಲ ಗುಟುಕು ನಾಲಿಗೆ ಸುಟ್ಟಿತು. “ಹೊಡೆಯುತ್ತಿದೆ ತಾನೆ?” ಎಂದು ಗುಹಬಾಬುವನ್ನು ಕೇಳಿದ. “ಇಷ್ಟು ಹೊತ್ತು ಹೊಡೆಯುತ್ತಿತ್ತು,” ಅಂದರು ಗುಹಬಾಬು, “ಈಗ ನಿಂತಿತು.” ನಿಂತಿತು? ತಾನಾಗಿ ನಿಲ್ಲುವಂಥದಲ್ಲ ಅದು. ತಂತಿ ಸಡಿಲಾಯಿತೆ, ಎಲ್ಲಿಯ ಬೆಸುಗೆ ಬಿಟ್ಟಿತು, ಯಾವ ಮಹಡಿಯದು? ಮೂಗು ಹಿಡಿದು ಊದಿದ. ಪಟ್ ಎಂದು ಎಡಗಿವಿ ತೆರೆದು ಬೀದಿಯ ಸದ್ದೆಲ್ಲ ಒಳಗೆ ನುಗ್ಗಿತು; ಹೂಕೋಸಿನವನ ಕೂಗು, ಸೈಕಲ್ ರಿಕ್ಷಾದ ಪೋಂ ಪೋಂ; ಗಂಟೆಯೊಂದಿಲ್ಲ. ಚಹಾ ಮುಗಿಯಿತು. ಪರಿಮಲ್ ತನ್ನ ಭಾಂಡವನ್ನು ಎಸೆಯದೆ, ಇನ್ನೂ ಗುಟುಕು ಉಳಿದಿದೆ ಅನ್ನುವಂತೆ ತುಟಿಗೆ ಹಿಡಿದೇ ನಿಂತಿದ್ದ. ಆ ಕರುಣೆ ಅಶ್ವತ್ಥನಾರಾಯಣನನ್ನು ಸುಟ್ಟಿತು. ಬಿಚ್ಚೋದರಲ್ಲಿ ಎಂಜಿನಿಯರ್ರು. ಖಾಲಿ ಭಾಂಡವನ್ನು ಕುಕ್ಕಿ ಒಡೆದು ಅವನು ಒಳಗೆ ನಡೆದ.

ಒಂದನೆಯ ಮಹಡಿಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಟೀವಿ ಒಂದೇ ಮಾತಾಡುತ್ತಿತ್ತು. “ಬೌದಿ?” ಎಂದು ಕೂಗಿದ, ಗುಹಬಾಬುವಿನ ಹೆಂಡತಿ ಉತ್ತರಿಸಲಿಲ್ಲ. ಎದುರು ಮನೆಯೂ ತೆರೆದಿತ್ತು, ಚಾಪೆಯ ಮೇಲೆ ಅರ್ಧ ಹೆಚ್ಚಿದ ಕುಂಬಳಕಾಯಿ. ಎರಡನೆಯದರಲ್ಲಿ ಮಾಶಿಯ ಒಲೆಯ ಮೇಲೆ ಅನ್ನ ಕೊತಕೊತ ಕುದಿಯುತ್ತಿತ್ತು. ಒಳನುಗ್ಗಿ ಗ್ಯಾಸ್ ಆರಿಸಿದ. ಎಲ್ಲಿ ಹೋದರು? ಕೆಳಗೆ ಬರಲಿಲ್ಲ, ಮೇಲೆ ತಾರಸಿಗೆ ಬೀಗ. ಮೂರನೆಯ ಮಹಡಿಗೆ ಎರಡೆರಡು ಮೆಟ್ಟಿಲು ಹಾರಿ ಹತ್ತಿದ. ಅಲ್ಲಿಯೂ ಮನೆಗಳು ಖಾಲಿ. ಆಗ ಮೇಲಿನಿಂದ ನಗು ಕೇಳಿತು. ಒಬ್ಬಿಬ್ಬರದಲ್ಲ, ಒಂದು ಮದುವೆಮನೆಯ ನಗು.

ಕೊನೆಯ ಮಹಡಿಯಲ್ಲಿ, ಅವನ ಬಾಗಿಲಲ್ಲಿ, ಮೆಟ್ಟಿಲ ಮೇಲೆ, ಹಜಾರದಲ್ಲಿ, ಎಲ್ಲರೂ ಇದ್ದರು. ಗುಹಬಾಬುವಿನ ಹೆಂಡತಿ ಸೌಟು ಹಿಡಿದಿದ್ದಳು. ಬೀಡಿಯ ಗಂಡನ ತಲೆಗೆ ಅರ್ಧ ಎಣ್ಣೆ ಬಿದ್ದಿತ್ತು. ಮಂಡಿನೋವಿನ ಮಾಶಿ ಎರಡು ಮಹಡಿ ಹತ್ತಿ ಸೋಫಾದ ಮಧ್ಯೆ ಕೂತು, ಸ್ಟೀಲ್ ಲೋಟದ ಕಾಫಿಯನ್ನು ಸೆರಗಿನಲ್ಲಿ ಹಿಡಿದು ಊದುತ್ತಿದ್ದಳು. ಹಂಸಾ ಬಿಸಿ ಉಪ್ಪಿಟ್ಟನ್ನು ಕೈಗೆ ಸಿಕ್ಕ ತಟ್ಟೆ ಬಟ್ಟಲುಗಳಿಗೆಲ್ಲ ಹಾಕುತ್ತಿದ್ದಳು. ಮಗಳು ಪ್ರಕೃತಿ ಪ್ಯಾನೆಲ್ಲಿನ ಮುಂದೆ ನಿಂತಿದ್ದಳು.

“ಅಪ್ಪಾ! ನಾನೇ ಆಫ್ ಮಾಡ್ದೆ. ಎಲ್ಲರೂ ಬಂದ್‌ಬಿಟ್ರು, ಮಾತೇ ಕೇಳಿಸ್ತಾ ಇರಲಿಲ್ಲ. ಮೀಟರ್ ರೂಮ್ ಅಂತ ತೋರಿಸ್ತಾ ಇದೆ, ಇಟ್ಸ್ ನಥಿಂಗ್, ನೋ?”

“ಬಂದ ಬಂದ, ಒಶ್ಶೊತ್ಥೊ ಬಂದ!” ಎಂದಳು ಮಾಶಿ. “ಆರೆ ಬಾಬಾ, ಎಲ್ಲಿಗೆ ಹೋಗಿದ್ದೆ? ನಿನ್ನ ಗಂಟೆ ಕೂಗುತ್ತಿದೆ, ನೀನೇ ಇಲ್ಲ! ಏನಾಯಿತೋ ಎಂದು ಕೇಳೋಣ ಅಂತ ನಾವೆಲ್ಲ ನಿನ್ನ ಹತ್ತಿರ ಓಡಿ ಬಂದೆವು.”

ಅವನು ಮೆಟ್ಟಿಲ ಕಟಕಟೆ ಹಿಡಿದು ನಿಂತ. ಇಷ್ಟು ವರ್ಷದಲ್ಲಿ ಅವನ ಮನೆಗೆ ಇಷ್ಟು ಜನ ಬಂದದ್ದಿಲ್ಲ. ಹಬ್ಬಕ್ಕೆ ಕರೆದಾಗಲೂ ಇಬ್ಬರೋ ಮೂವರೋ, ಬಾಗಿಲಲ್ಲೇ ನಿಂತು ಪ್ರಸಾದ ತಗೊಂಡು ಹೋದವರು. ಸಂತೋಷ ಮೊದಲು ಬಂತು. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು. ಕೆಳಗೆ ಮೀಟರ್ ಕೋಣೆಯಲ್ಲಿ ನಿಜವಾಗಿ ಬೆಂಕಿ ಬಿದ್ದು, ಮೆಟ್ಟಿಲ ತುಂಬ ಹೊಗೆ ಏರಿ ಬರುತ್ತಿದ್ದರೆ, ಈ ಜನವೆಲ್ಲ, ಸೌಟು ಹಿಡಿದು, ಎಣ್ಣೆತಲೆಯಲ್ಲಿ, ಹೊಗೆಯ ಜೊತೆ ಜೊತೆಗೇ ಮೇಲಕ್ಕೆ, ಅವನ ಹತ್ತಿರಕ್ಕೆ, ಹತ್ತಿ ಬರುತ್ತಿದ್ದರು. ಮೊದಲ ದಿನ ಅವರು ಓಡಿ ಬೀದಿಗಿಳಿದದ್ದು ಅದು ಯಾರ ಗಂಟೆಯೆಂದು ತಿಳಿಯದಿದ್ದ ಕಾರಣಕ್ಕೆ. ಈಗ ತಿಳಿದಿತ್ತು. ಇದು ತಮ್ಮ ಒಶ್ಶೊತ್ಥೊನದು, ಇದಕ್ಕೆ ಹೆದರುವುದೇನು? ಒಂದು ಬೆಸುಗೆಯೂ ಬಿಟ್ಟಿರಲಿಲ್ಲ. ಗಂಟೆ ತಪ್ಪಿರಲಿಲ್ಲ. ಹಂಸಾಳ ಹಿತ್ತಲ ಗಿಡದ ಗಾದೆ ನಿಜವೇ ಇತ್ತು, ಆದರೆ ಅವಳು ಅಂದುಕೊಂಡ ಅರ್ಥದಲ್ಲಲ್ಲ. ಅವನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು, ನೆಗಡಿಯೆಂದು ಮೂಗು ಒರೆಸಿಕೊಂಡ.

ಹಿಂದೆಯೇ ಏದುಸಿರು ಬಿಡುತ್ತ ಗುಹಬಾಬು ಮತ್ತು ಪರಿಮಲ್ ಬಂದರು. ವಿಷಯ ಹೊರಬಿತ್ತು. ಪರೀಕ್ಷೆಯಂತೆ, ಬೀದಿಗೆ ಇಳಿಯಬೇಕಿತ್ತಂತೆ, ಇಳಿಯದಿದ್ದರೆ ವೆಂಡರ್ ಅಂತೆ. ಗದ್ದಲವೋ ಗದ್ದಲ. “ಮೊದಲೇ ಹೇಳಿದ್ದರೆ ಇಳಿಯುತ್ತಿದ್ದೆವು!” “ಇನ್ನೊಂದು ಸಲ ಹೊಡೆಸಿ, ನೋಡಿ ಹೇಗೆ ಇಳಿಯುತ್ತೇವೆ!” “ಕಂಪನಿಯದು ಬೇಡವೇ ಬೇಡ!” ಬೀಡಿಯ ಗಂಡನಂತೂ ಎರಡೂ ಕೈ ಎತ್ತಿ ನಿಂತುಬಿಟ್ಟ. “ಆಯಿತು, ಅಶ್ವತ್ಥಬಾಬುವಿನದೇ ಇರಲಿ ಅನ್ನುವವರು ಕೈ ಎತ್ತಿ” ಅಂದರು ಗುಹಬಾಬು ಸೋತು. ಸೌಟು ಎದ್ದಿತು, ಲೋಟ ಎದ್ದಿತು. ಪ್ರಕೃತಿಯೂ ಎತ್ತಿದಳು. ಹಂಸಾ ಉಪ್ಪಿಟ್ಟಿನ ಕೈಯನ್ನೇ ಎತ್ತಿದಳು.

“ಕಂಪನಿಯದು?” ಎಂದು ವಾಡಿಕೆಗೆ ಕೇಳಿದರು.

ಅಶ್ವತ್ಥನಾರಾಯಣ ಕೈ ಎತ್ತಿದ. ಅವನೊಬ್ಬನದೇ ಕೈ. ಪರಿಮಲ್ ಬಾಯಿ ತೆರೆದು ನೋಡಿದ.

“ರೀ, ಏನ್ ಮಾಡ್ತಾ ಇದೀರಿ?” ಎಂದಳು ಹಂಸಾ ಮೆಲ್ಲಗೆ.

ಬಂಗಾಳಿಯಲ್ಲಿ ಹೇಳಲು ಹೊರಟ. ತಡವರಿಸಿತು. ಆದರೂ ಹಿಂದಿಗೆ ಹೋಗಲಿಲ್ಲ, ತಪ್ಪೋ ಒಪ್ಪೋ ಬಂಗಾಳಿಯಲ್ಲೇ ಹೇಳಿದ. “ನನ್ನ ಗಂಟೆ ಕೇಳಿದರೆ ನೀವು ನನ್ನ ಹತ್ತಿರ ಬರುತ್ತೀರಿ. ಬೆಂಕಿ ಬಿದ್ದ ದಿನ ನನ್ನ ಹತ್ತಿರ ಬರಬೇಡಿ. ಯಾರೂ ಪ್ರೀತಿಸದ ಗಂಟೆ ಬೇಕು ಅದಕ್ಕೆ. ಕೇಳಿದ ಕೂಡಲೇ ಬಿಟ್ಟು ಓಡಬೇಕು. ಪರಿಮಲ್‌ಬಾಬು ಅಂಥದ್ದು ಹಾಕಿಕೊಡುತ್ತಾರೆ. ಯಾವ ಅಡುಗೆಮನೆಗೆ ಯಾವ ಹದ ಅಂತ ನಾನು ಹೇಳುತ್ತೇನೆ.” ಆಮೇಲೆ, “ಬೇರೆ ಎಲ್ಲ ದಿನ ಬನ್ನಿ” ಅಂದ.

ಗುಹಬಾಬು ಸುಮ್ಮನೆ ತಮ್ಮ ಕೈ ಎತ್ತಿದರು. ಆಮೇಲೆ ಸೌಟಿನ ಕೈ. ಒಂದೊಂದಾಗಿ ಎಲ್ಲ ಕೈಗಳೂ ಮತ್ತೊಮ್ಮೆ ಎದ್ದವು. ಇಷ್ಟು ಒಮ್ಮತದಿಂದ ಸೋಲುವುದು ಇಷ್ಟು ಹಗುರವೆಂದು ಅವನಿಗೆ ಗೊತ್ತಿರಲಿಲ್ಲ.

“ಇವತ್ತು ಎಲ್ಲಿಯೂ ಬೆಂಕಿ ಬಿದ್ದಿಲ್ಲವಲ್ಲ?” ಮಾಶಿ ಕೊನೆಯಲ್ಲಿ ಕೇಳಿದಳು.

“ಇಲ್ಲ ಮಾಶಿ.”

“ಹಾಗಾದರೆ ಕೂತಿರೋಣ” ಎಂದು ಅವಳು ಕಾಲು ಚಾಚಿ ಲೋಟವನ್ನು ಮತ್ತೆ ಹಂಸಾಳ ಮುಂದೆ ಹಿಡಿದಳು. ನಗು ಮತ್ತೆ ಎದ್ದಿತು. ಪರಿಮಲ್‌ಗೂ ಯಾರೋ ಬಟ್ಟಲು ಕೊಟ್ಟು ಜಾಗ ಮಾಡಿಕೊಟ್ಟರು. ಅಶ್ವತ್ಥನಾರಾಯಣ ಒಳಗೆ ಬಂದು ನೋಡಿದ. ಸೋಫಾ ತುಂಬಿತ್ತು, ಮಂಚ ತುಂಬಿತ್ತು, ಅಡುಗೆಮನೆಯ ಸ್ಟೂಲಿನ ಮೇಲೂ ಯಾರೋ ಕೂತಿದ್ದರು. ತನ್ನ ಮನೆಯಲ್ಲಿ ತನಗೇ ಕೂರಲು ಜಾಗವಿಲ್ಲದ್ದನ್ನು ಕಂಡು, ತಟ್ಟೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತು ಉಪ್ಪಿಟ್ಟು ತಿನ್ನತೊಡಗಿದ.